ನೀರು ಬಂತಾ?

ನಮ್ಮ ಮನೆಯಲ್ಲಿ ದೇವರಿದ್ದಾನೋ ಇಲ್ಲವೋ ಎಂಬ ವಾದ ನಾನು ಸೊಸೆಯಾಗಿ ಬರುವುದಕ್ಕೂ ಮುಂಚಿನದು. ಅತ್ತೆಯವರದು ಇದ್ದಾನೆ ಎನ್ನುವ ಪಕ್ಷ. ಅವರ ಮಗ, ಅಂದರೆ ನಮ್ಮ ಯಜಮಾನರು, ಎಂಜಿನಿಯರು. ಪುರಾವೆ ಕೇಳುವ ಪಕ್ಷ. ನನ್ನದು ಇಬ್ಬರಿಗೂ ಕಾಫಿ ಕೊಡುವ ಪಕ್ಷ. ವಾದ ಇವತ್ತಿಗೂ ಇತ್ಯರ್ಥವಾಗಿಲ್ಲ. ಆದರೆ ನೀರು ಬಿಡುವವನೊಬ್ಬ ಇದ್ದಾನೆ ಎಂಬುದರಲ್ಲಿ ಮಾತ್ರ ಮೂವರಿಗೂ ಒಮ್ಮತ. ಅವನನ್ನೂ ನಾವ್ಯಾರೂ ಕಣ್ಣಾರೆ ಕಂಡವರಲ್ಲ.

ನಮ್ಮದು ಬೆಂಗಳೂರಿನ ಹಳೇ ಬಡಾವಣೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಯಾವ ದಿನ ಎಂಬುದು ನಮಗೆ ಗೊತ್ತು, ಯಾವ ಹೊತ್ತು ಎಂಬುದು ಅವನಿಗೇ ಗೊತ್ತು. ಊರೆಲ್ಲ ಮಲಗಿದ ಮೇಲೆ ಸ್ಕೂಟರಿನಲ್ಲಿ ಬರುತ್ತಾನಂತೆ. ಕೈಯಲ್ಲಿ ಮಾರುದ್ದದ ಕಬ್ಬಿಣದ ಕೀಲಿ ಇರುತ್ತದಂತೆ. ರಸ್ತೆ ತುದಿಯ ಗುಂಡಿಯ ಮುಚ್ಚಳ ಎತ್ತಿ, ಕೀಲಿ ಇಳಿಬಿಟ್ಟು ವಾಲ್ವ್ ತಿರುಗಿಸುತ್ತಾನಂತೆ. ಎಲ್ಲ ಅಂತೆಕಂತೆಯೇ. ಅವನ ವಿಷಯದಲ್ಲಿ ನಮ್ಮ ಬೀದಿಯಲ್ಲಿ ಮತಭೇದಗಳೂ ಹುಟ್ಟಿಕೊಂಡಿವೆ. ತಗ್ಗಿನ ಮನೆಯವರು ಅವನನ್ನು ಕರುಣಾಮಯಿ ಎನ್ನುತ್ತಾರೆ. ನೀರು ಮೊದಲು ಇಳಿಯುವುದು ಅವರ ಸಂಪಿಗೆ. ದಿಣ್ಣೆ ಮೇಲಿನವರ ಪ್ರಕಾರ ಅವನು ಭಕ್ತರನ್ನು ಪರೀಕ್ಷಿಸುವವನು. ಮೂಲೆಮನೆಯವರು ಶುದ್ಧ ನಾಸ್ತಿಕರು, ಟ್ಯಾಂಕರ್ ತರಿಸುತ್ತಾರೆ. ಆದರೆ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಒಣಗಿ, ಟ್ಯಾಂಕರಿನವರು ಹೇಳಿದ್ದೇ ರೇಟಾಗಿ, ಕೊನೆಗೆ ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಗಿ ಬಂತಲ್ಲ, ಆಗ ಅವರೂ ನಮ್ಮ ಗೇಟಿನ ಮುಂದೆ ನಿಂತು, "ಇವತ್ತು ಬಿಡ್ತಾನಂತಾ?" ಎಂದು ವಿಚಾರಿಸಿದರು. ಸಂಕಟ ಬಂದಾಗ ವೆಂಕಟರಮಣ.

ನಮ್ಮ ಯಜಮಾನರ ಶ್ರದ್ಧೆಯೆಲ್ಲ ಅಂಕಿಗಳ ಮೇಲೆ. ನಲ್ಲಿ ಒಣಗಿದ ದಿನ ನಾನು ಪಾತ್ರೆ ಕುಕ್ಕಿದರೆ ಸಾಕು, ಶುರು ಮಾಡುತ್ತಾರೆ: "ಕಾವೇರಿ ಅಂದ್ರೆ ಏನಂದ್ಕೊಂಡಿದೀಯ? ಸುಮಾರು 100 ಕಿಲೋಮೀಟರ್ ದೂರದಿಂದ ಬರ್ಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಮೂರು ಕಡೆ ಪಂಪ್ ಮಾಡಿ ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆತ್ತಬೇಕು. 1974ರಿಂದ ಎತ್ತುತ್ತಾನೇ ಇದಾರೆ!" ಇದು ನನ್ನನ್ನು ಸುಮ್ಮನಾಗಿಸಲು ಹೇಳುವ ಮಾತು. ಬತ್ತಿ ಹೊಸೆಯುತ್ತಾ ಕೂತಿದ್ದ ಅತ್ತೆ ಒಂದು ದಿನ ಇದನ್ನು ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದರು. "ಅಷ್ಟು ದೂರದಿಂದ, ಅಷ್ಟೆತ್ತರ ಹತ್ತಿಕೊಂಡು ನಮ್ಮನೆ ಬಚ್ಚಲಿಗೆ ಬರ್ತಾಳೇನೋ? ಅದನ್ನ ನೀನು ಶೇವಿಂಗ್ ಮಾಡ್ಕೊಳ್ಳೋವಾಗ ಸುಮ್ನೆ ಹರಿಯಕ್ಕೆ ಬಿಡ್ತೀಯಲ್ಲೋ!" ಎಂಜಿನಿಯರ ಬಾಯಿ ಕಟ್ಟಿತು. ಅವರದೇ ಅಂಕಿ, ಅವರಿಗೇ ತಿರುಮಂತ್ರ. ಮರುದಿನದಿಂದ ಶೇವಿಂಗಿಗೆ ಮಗ್ಗು ಬಂತು. ಜಾಹೀರಾತು, ದಂಡ, ನನ್ನ ಗೊಣಗಾಟ ಯಾವುದರಿಂದಲೂ ಆಗದಿದ್ದದ್ದು.

ಪ್ರತಿ ಅಕ್ಟೋಬರಿನಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ತೀರ್ಥೋದ್ಭವವನ್ನು ಅತ್ತೆ ಟೀವಿಯಲ್ಲಿ ನೋಡುತ್ತಾರೆ. ಬ್ರಹ್ಮಕುಂಡಿಕೆಯಲ್ಲಿ ನೀರು ಉಕ್ಕುವ ಗಳಿಗೆಯನ್ನು ಮೊದಲೇ ಲೆಕ್ಕ ಹಾಕಿ, ಗಂಟೆ ನಿಮಿಷದ ಸಮೇತ ಪ್ರಕಟಿಸಿರುತ್ತಾರೆ. ಇಲ್ಲಿ ನನಗೂ ಒಂದು ತಕರಾರಿದೆ. ಬ್ರಹ್ಮಗಿರಿಯ ತಪ್ಪಲಿನಲ್ಲಿ ಕಾವೇರಿ ಯಾವ ನಿಮಿಷಕ್ಕೆ ಹುಟ್ಟುತ್ತಾಳೆ ಎಂದು ಹೇಳಬಲ್ಲವರಿರುವ ನಾಡಿನಲ್ಲಿ, ಅವಳು ನಮ್ಮ ಬೀದಿಗೆ ರಾತ್ರಿ ಎಷ್ಟು ಹೊತ್ತಿಗೆ ಬರುತ್ತಾಳೆ ಎಂದು ಹೇಳುವವರೊಬ್ಬರಿಲ್ಲವೇ? ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ಕ್ಕೆ, ಮರುದಿನವೇ ತೀರ್ಥೋದ್ಭವ. "ಕಾಕತಾಳೀಯ" ಎಂದರು ಯಜಮಾನರು. "ಮುಹೂರ್ತ" ಎಂದರು ಅತ್ತೆ. ಆ ಯೋಜನೆಯ ದಿನಕ್ಕೆ 77.5 ಕೋಟಿ ಲೀಟರಿನಲ್ಲಿ ನಮ್ಮ ಪಾಲೆಷ್ಟು ಎಂದು ನಾನು ಕೇಳಿದ್ದಕ್ಕೆ ಎರಡೂ ಪಕ್ಷದವರು ಉತ್ತರ ಕೊಡಲಿಲ್ಲ.

ಇನ್ನು ನೀರು ಬರುವ ರಾತ್ರಿಯ ವೈಭವ. ಮೊದಲು ನೀರಲ್ಲ, ಗಾಳಿ. ಪೈಪು ಒಮ್ಮೆ ಕೆಮ್ಮುತ್ತದೆ, ಬುಸ್ಸೆನ್ನುತ್ತದೆ, ಆ ಬರೀ ಗಾಳಿಗೇ ಮೀಟರಿನ ಮುಳ್ಳು ಗಿರಗಿರ ತಿರುಗುತ್ತದೆ. ಆಮೇಲೆ ಚಹಾ ಬಣ್ಣದ ನಾಲ್ಕು ಚೊಂಬು. ಅದು ಮುಗಿದ ಮೇಲೆ ನೀರು. ಇದನ್ನೆಲ್ಲ ಖಚಿತಪಡಿಸಿಕೊಳ್ಳಲು ನಮ್ಮ ಯಜಮಾನರು ಬನಿಯನ್ನಿನಲ್ಲೇ ಅಂಗಳಕ್ಕಿಳಿದು, ಸಂಪಿನ ಮುಚ್ಚಳ ಸರಿಸಿ, ಬೋರಲು ಮಲಗಿ, ಟಾರ್ಚು ಬಿಟ್ಟು ಕಿವಿಗೊಡುತ್ತಾರೆ. ಕಿಟಕಿಯಿಂದ ನೋಡಿದ ಅತ್ತೆ ನನ್ನ ಕಿವಿಯಲ್ಲಿ ಹೇಳಿದ್ದು: "ಗುಡಿಯಲ್ಲಿ ತಲೆ ಬಗ್ಗಿಸದವನು, ನೋಡೇ, ಸಾಷ್ಟಾಂಗ ಹಾಕಿದಾನೆ!"

ಈ ಸಾಷ್ಟಾಂಗ ತಪ್ಪಿಸಲೆಂದೇ ಅವರು ಸಂಪಿನ ಮೋಟಾರಿಗೊಂದು ಆಟೋಮ್ಯಾಟಿಕ್ ಪೆಟ್ಟಿಗೆ ತಂದು ಕೂರಿಸಿದರು. ಒಳ್ಳೆಯ ಪೆಟ್ಟಿಗೆಯೇ. ಬೆಚ್ಚಗಿರುತ್ತಿತ್ತು. ಅದನ್ನು ಮನುಷ್ಯರಿಗಿಂತ ಮೊದಲು ಕಂಡುಕೊಂಡದ್ದು ಹಲ್ಲಿ. ಸ್ಟಾರ್ಟರಿನ ಕಾಂಟ್ಯಾಕ್ಟುಗಳ ನಡುವೆ ಸಿಕ್ಕಿ ಅದು ಶಿವನ ಪಾದ ಸೇರಿತು, ಮೋಟಾರೂ ನಿಂತಿತು. ಅತ್ತೆ ಪಂಚಾಂಗ ತೆಗೆದರು. ಹಲ್ಲಿ ತಲೆಯ ಮೇಲೆ ಬಿದ್ದರೆ ಇಂಥ ಫಲ, ಭುಜಕ್ಕೆ ಇಂಥದು, ಪಾದಕ್ಕೆ ಇಂಥದು ಎಂದು ಉದ್ದಕ್ಕೆ ಪಟ್ಟಿಯಿದೆ. ಸ್ಟಾರ್ಟರಿನ ಮೇಲೆ ಬಿದ್ದರೆ ಏನೆಂದು ಬರೆದಿಲ್ಲ. ಫಲವನ್ನು ಎಲೆಕ್ಟ್ರಿಷಿಯನ್ ಬಂದು ಬಿಲ್ಲಿನಲ್ಲಿ ಬರೆದುಕೊಟ್ಟ.

ಅದು ರಿಪೇರಿಯಾದ ಮೇಲೆ ಹೊಸ ರಗಳೆ. ಮೋಟಾರ್ ಓಡುತ್ತದೆ, ನೀರು ಏರುವುದಿಲ್ಲ. ಯಜಮಾನರು ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ, ವೋಲ್ಟೇಜ್ ಕಮ್ಮಿ, ಕೆಪಾಸಿಟರ್ ಹೋಗಿದೆ ಎಂದು ಮಾತಾಡಿಕೊಳ್ಳುತ್ತಿದ್ದರು. ಅತ್ತೆ ಮೋಟಾರಿನ ಸದ್ದಿಗೆ ಕಿವಿಗೊಟ್ಟು, "ಬಾಯಾರಿ ಒದರ್ತಾ ಇದೆ ಕಣೋ. ಮೊದಲು ಅದಕ್ಕೆ ಒಂದು ಚೊಂಬು ಕುಡಿಸು" ಎಂದರು. "ಅಮ್ಮಾ, ಅದು ಯಂತ್ರ." "ಯಂತ್ರಕ್ಕೂ ಪ್ರಾಣಪ್ರತಿಷ್ಠೆ ಅಂತ ಇರತ್ತೆ." ಸಂಜೆ ಪ್ಲಂಬರ್ ಬಂದ. ಸದ್ದು ಕೇಳಿದ, ಮೋಟಾರಿನ ತಲೆಯ ಮೇಲಿನ ಬೋಲ್ಟು ಬಿಚ್ಚಿದ, "ಒಂದು ಚೊಂಬು ನೀರು ಕೊಡಿ" ಎಂದ.

ಅತ್ತೆ ಏನೂ ಹೇಳಲಿಲ್ಲ. ಚೊಂಬು ತಂದು ಮಗನ ಕೈಗೇ ಕೊಟ್ಟರು.

ಫುಟ್ ವಾಲ್ವಿನ ವಾಷರ್ ಸವೆದು ಪೈಪಿನ ನೀರೆಲ್ಲ ಸಂಪಿಗೆ ಇಳಿದುಹೋಗಿತ್ತಂತೆ. ಪಂಪು ಗಾಳಿಯನ್ನೇ ಕಡೆಯುತ್ತಿತ್ತು. ಒಳಗೆ ನೀರು ತುಂಬಿಸದೆ ಅದು ಕೆಳಗಿನ ನೀರನ್ನು ಎಳೆಯಲಾರದು. ಯಜಮಾನರು ರಾತ್ರಿಯೆಲ್ಲ ನನಗೆ ವಾತಾವರಣದ ಒತ್ತಡ ವಿವರಿಸಿದರು. ಸರಿಯಾಗಿಯೇ ವಿವರಿಸಿದರು. ಆದರೆ ಅತ್ತೆಯದು ಬರೀ ಭಕ್ತಿಯಲ್ಲ ಎಂದು ನನಗೆ ಅನುಮಾನ. ಊರಿನಲ್ಲಿ ತೋಟಕ್ಕೆ ಪಂಪ್‌ಸೆಟ್ ಇತ್ತು, ಅದರ ಪಕ್ಕ ಬಟ್ಟೆ ಒಗೆದು ಬೆಳೆದವರು. ಬಾಯಾರಿದ ಪಂಪಿನ ಒದರಾಟ ಅವರ ಕಿವಿಗೆ ಹೊಸದಲ್ಲ. ಕೇಳಿದರೆ ಒಪ್ಪುವುದಿಲ್ಲ, "ಎಲ್ಲ ಅವನಿಚ್ಛೆ" ಎನ್ನುತ್ತಾರೆ.

ಆ ಸಲದ ಆಯುಧಪೂಜೆಗೆ ಕಾರು, ಮಿಕ್ಸಿ, ಈಳಿಗೆಮಣೆಗಳ ಜೊತೆ ಮೋಟಾರಿಗೂ ಹಾರ ಬಿತ್ತು. ಯಜಮಾನರು ಅಡ್ಡಿ ಹೇಳಲಿಲ್ಲ, ಷರತ್ತು ಮಾತ್ರ ಹಾಕಿದರು: ಕುಂಕುಮವನ್ನು ನೀರಿನಲ್ಲಿ ಕಲಸಬಾರದು, ಟರ್ಮಿನಲ್ ಬಾಕ್ಸಿನ ಕಡೆ ಹಚ್ಚಬಾರದು, ಹಾರ ಫ್ಯಾನಿಗೆ ಸಿಗಬಾರದು. ಅತ್ತೆ ಎಲ್ಲಕ್ಕೂ ಹೂಂಗುಟ್ಟಿ ಆರತಿ ಹಚ್ಚಿದರು. ಅಷ್ಟರಲ್ಲಿ ಇವರು ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡಿಬಂದು ಕೈಮುಗಿದು ನಿಂತರು. "ಮಂಗಳಾರತಿ ಹೊತ್ತಿಗೆ ದೇವರ ಜೀವ ತೆಗೆದಿಟ್ಟು ಕೈಮುಗಿಯೋನು ನೀನೊಬ್ಬನೇ ಕಣೋ," ಎಂದು ಅತ್ತೆ ಗಂಟೆ ಬಾರಿಸಿದರು.