ಖಟ್ ಅಂದರೆ ಇಂಜಿನ್ ಇಳಿಸಬೇಕು

ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಅನುಕರಣಾವ್ಯಯ ಕಲಿಸಿದವನು ನಾನು. ‘ದಬದಬ, ಪಟಪಟ, ಧಗಧಗ’ ಎಂದು ಬೋರ್ಡಿನ ಮೇಲೆ ಬರೆದು, ಹುಡುಗರಿಂದ ಗಟ್ಟಿಯಾಗಿ ಹೇಳಿಸಿ, ಧಕಾರಕ್ಕೆ ದಕಾರ ಅಂದವನ ಕಿವಿ ಹಿಂಡಿದ್ದೇನೆ. ಅದೇ ವಿದ್ಯೆ ನಿವೃತ್ತಿಯಾದ ಮೇಲೆ ನನ್ನ ಕಿಸೆಗೇ ಕೈ ಹಾಕುತ್ತದೆ ಎಂದುಕೊಂಡಿರಲಿಲ್ಲ.

ನಮ್ಮದು 1997ರ ಮಾರುತಿ 800. ಕಾರ್ಬುರೇಟರ್ ಕಾಲದ ಗಾಡಿ, 796 ಸಿಸಿ, ಸಿಲಿಂಡರ್ ಮೂರೇ. ನನ್ನ ಕೈಗೆ ಬರುವ ಮೊದಲೇ ಇಬ್ಬರು ಮಾಲೀಕರನ್ನು ಕಂಡು ಅದು ಅರ್ಧ ವೈರಾಗ್ಯ ತಾಳಿತ್ತು. ರಾಮದುರ್ಗದಲ್ಲಿ ಹೆಂಡತಿಯ ತವರಿನ ಕಡೆಯ ಮದುವೆ. ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿ ಮಾಡಿಕೊಂಡು ಹೋಗೋಣವೆಂದು ನಾನು, ಆಕೆ, ಹಿಂದಿನ ಸೀಟಿನಲ್ಲಿ ರೊಟ್ಟಿ ಬುತ್ತಿಯ ಜೊತೆ ಅತ್ತೆಯವರು, ಹೀಗೆ ಹೊರಟೆವು. ಊರು ದಾಟಿ ಸಣ್ಣದೊಂದು ಏರು ಬಂತು. ಗೇರು ಇಳಿಸಲು ಬೇಸರವಾಗಿ ಟಾಪ್ ಗೇರಿನಲ್ಲೇ ಎಕ್ಸಿಲೇಟರ್ ಒತ್ತಿದೆ. ಬಾನೆಟ್ಟಿನ ಒಳಗಿಂದ ಯಾರೋ ಬಡಿದಂತಾಯಿತು.

“ರೀ, ಏನೋ ಬಡಿಯಾಕತ್ತೈತಿ, ಕೇಳಿಸ್ತೇನ್ರಿ?”

“ನನಗೇನೂ ಕೇಳಿಸ್ಲಿಲ್ಲ.”

“ಮನ್ಯಾಗ ನಾ ಕರದ್ರೂ ನಿಮಗ ಕೇಳಸೂದಿಲ್ಲ ಬಿಡ್ರಿ.”

ನಿಜ ಹೇಳಬೇಕೆಂದರೆ ಕೇಳಿಸಿತ್ತು. ಖರ್ಚಿನ ಸಪ್ಪಳ ಗಂಡಸರಿಗೆ ಸ್ವಲ್ಪ ತಡವಾಗಿ ಕೇಳಿಸುತ್ತದೆ, ಅಷ್ಟೇ. ಆದರೂ ಕಿತ್ತೂರಿನಲ್ಲಿ ಹುಟ್ಟಿದ್ದನ್ನು ಹಗುರವಾಗಿ ತಿಳಿಯಬಾರದು. ಹಾಗೆ ತಿಳಿದ ಧಾರವಾಡದ ಕಲೆಕ್ಟರ್ ಥ್ಯಾಕರೆ ಸಾಹೇಬ 1824ರ ಅಕ್ಟೋಬರ್ 23ರಂದು ಅದೇ ಊರಿನ ಕೋಟೆಯೆದುರು ಸತ್ತುಬಿದ್ದ. ಬೈಲಹೊಂಗಲ ಮುಟ್ಟಿದ ಕೂಡಲೇ ಗಾಡಿಯನ್ನು ಗ್ಯಾರೇಜಿಗೆ ತಿರುಗಿಸಿದೆ.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ. “ಹೆಂಗ ಬರ್ತೈತ್ರಿ ಸಪ್ಪಳ?”

ಇಂಥ ಪ್ರಶ್ನೆಗಾಗಿಯೇ ಅಲ್ಲವೇ ನಾನು ಮೂವತ್ತೊಂದು ವರ್ಷ ಕಾದದ್ದು? ಗಂಟಲು ಸರಿಮಾಡಿಕೊಂಡು, ಖಕಾರವನ್ನು ಹೊಟ್ಟೆಯಿಂದ ಎತ್ತಿ ಹೇಳಿದೆ: “ಖಟ್! ಖಟ್! ಖಟ್!”

ಅವನ ಮುಖ ಬಾಡಿತು. “ಖಟ್ ಅಂದ್ರ ಮುಗೀತ್ರಿ ಮಾಸ್ತರ. ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗೇತಿ. ಇಂಜಿನ್ ಇಳಸಬೇಕು. 12,000 ಹಿಡಕೋರಿ.”

ನನ್ನಾಕೆ ಕಿಟಕಿಯಿಂದ ತಲೆ ಹೊರಹಾಕಿದಳು. “ಖಟ್ ಅಲ್ಲೋ ತಮ್ಮಾ. ಟಕ್ ಟಕ್ ಅಂತಿತ್ತು.”

“ಟಕ್ಕೇನ್ರಿ ಅಕ್ಕಾರ? ಮೊದಲ ಹೇಳಬಾರದ? ಟ್ಯಾಪೆಟ್ ಸಡ್ಲ ಆಗಿರ್ತೈತಿ. ಅರ್ಧಾ ತಾಸಿನ ಕೆಲಸ, 300 ಕೊಡ್ರಿ.”

ಒಂದು ಮಹಾಪ್ರಾಣಕ್ಕೆ 11,700 ರೂಪಾಯಿ! ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆಯುವಾಗ ಅಕ್ಷರಗಳಿಗೆ ಇಷ್ಟು ಬೆಲೆ ಇದ್ದಂತಿಲ್ಲ.

ಹುಡುಗ ಮೋಸಗಾರನಲ್ಲ; ಲೆಕ್ಕ ಸರಿಯಾಗಿಯೇ ಇತ್ತು. ಬೇರಿಂಗ್ ಸವೆದರೆ ಇಂಜಿನ್ನಿನ ಬುಡದಿಂದ ಭಾರವಾದ ಸಪ್ಪಳ ಬರುತ್ತದೆ, ಸುತ್ತಿಗೆಯಿಂದ ಒನಕೆ ಬಡಿದ ಹಾಗೆ. ಟ್ಯಾಪೆಟ್ ಸಡಿಲಾದರೆ ಮೇಲುಗಡೆ ಹಗುರವಾದ ಸಪ್ಪಳ. ಇಂಜಿನ್ ಎರಡು ಸುತ್ತು ತಿರುಗಿದರೆ ಒಂದು ವಾಲ್ವ್ ಬಡಿಯುವುದು ಒಂದೇ ಸಲ, ಗಾಡಿ ನಿಂತಿದ್ದರೂ ಬಡಿಯುತ್ತದೆ. ನಮ್ಮ ಗಾಡಿಯೋ, ಹೆಣ್ಣು ನೋಡಲು ಬಂದವರೆದುರು ಕುಳಿತ ಹುಡುಗಿಯ ಹಾಗೆ ತೆಪ್ಪಗೆ ನಿಂತಿತ್ತು.

ಅವನು ಉದ್ದನೆಯ ಸ್ಕ್ರೂಡ್ರೈವರ್ ತಂದು ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳಿದ. ಡಾಕ್ಟರರ ನಳಿಗೆಯ ಕೆಲಸವನ್ನು ಆ ಒಂದೂವರೆ ಅಡಿ ಕಬ್ಬಿಣ ಮಾಡುತ್ತದೆ. “ನೀವೂ ಕೇಳ್ರಿ” ಎಂದು ಕೊಟ್ಟ. ಕೇಳಿದೆ. ಬೈಲಹೊಂಗಲದ ವಾರದ ಸಂತೆ ಪೂರ್ತಿ ಕೇಳಿಸಿತು. ಖಟ್ಟೂ ಇಲ್ಲ, ಟಕ್ಕೂ ಇಲ್ಲ. ಕೊನೆಗೆ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡೋಣ ಎಂದ. ಬೇರಿಂಗ್ ಹೋದ ಸಿಲಿಂಡರಿನ ಕಿಡಿ ತಪ್ಪಿಸಿದರೆ ಸಪ್ಪಳ ಕುಗ್ಗುತ್ತದಂತೆ. “ಇದನ್ನ ಸ್ವಲ್ಪ ಹಿಡಕೋರಿ ಮಾಸ್ತರ” ಎಂದ. ಹಿಡಿದುಕೊಂಡೆ. ಆಗ ನನ್ನ ಬಾಯಿಂದ ಹೊರಟದ್ದು ಅನುಕರಣಾವ್ಯಯವಲ್ಲ, ಅಪ್ಪಟ ಭಾವಸೂಚಕಾವ್ಯಯ.

ಮೌಂಟಿಂಗಿನ ಬೋಲ್ಟು ಬಿಗಿ ಮಾಡಿ 150 ರೂಪಾಯಿ ತೆಗೆದುಕೊಂಡ. ಸಪ್ಪಳ ನಮ್ಮ ಜೊತೆ ಸವದತ್ತಿಗೆ ಬಂತು.

ಅಲ್ಲಿಯವರೆಗೆ ಬಂದು ಎಲ್ಲಮ್ಮನ ಗುಡ್ಡ ಹತ್ತದೆ ಹೋದರೆ ಅತ್ತೆಯವರು ಸುಮ್ಮನಿರುತ್ತಾರೆಯೇ? ಹತ್ತಿದೆವು. ಏರಿನುದ್ದಕ್ಕೂ ಗಾಡಿ ಮನಸಾರೆ ಬಡಿಯಿತು. ಮೇಲೆ ಚೌಡಿಕೆಯ ನಾದ, “ಉಧೋ ಉಧೋ” ಎಂಬ ಕೂಗು, ಹಾರುವ ಭಂಡಾರ. ನಮ್ಮ ಇಂಜಿನ್ನಿನ ದೂರು ಯಾರಿಗೂ ಕೇಳಲಿಲ್ಲ. ಇಳಿಯುವಾಗ ನೋಡಿದರೆ ಸಪ್ಪಳವೇ ಇಲ್ಲ.

“ನೋಡ್ರಿ, ತಾಯಿ ನಿಲ್ಲಿಸಿದ್ಲು” ಎಂದರು ಅತ್ತೆ.

ಇಳಿಜಾರಿನಲ್ಲಿ ಇಂಜಿನ್ನಿನ ಮೇಲೆ ಭಾರ ಇರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹಣೆ ತುಂಬ ಭಂಡಾರ ಬಳಿದುಕೊಂಡಿದ್ದ ಅವರ ಮುಖ ಕನ್ನಡಿಯಲ್ಲಿ ಕಂಡಿತು. ಬಾಯಿ ಮುಚ್ಚಿದೆ. ಮುಂದೆ ಶಿರಸಂಗಿಯ ಕಾಳಮ್ಮನಿಗೂ ದೂರದಿಂದಲೇ ಕೈ ಮುಗಿದೆ. ವಿಶ್ವಕರ್ಮರು ನಡೆದುಕೊಳ್ಳುವ ದೇವಿ. ಕಬ್ಬಿಣದ ವಿಷಯ ಆಕೆಯ ಕಿವಿಗೂ ಬಿದ್ದಿರಲಿ ಎಂದು.

ರಾಮದುರ್ಗದಲ್ಲಿ ನನ್ನಾಕೆಯ ಕಾಕಾನ ಮನೆ. ಕಾಕಾ ನೇಕಾರರು. ಐವತ್ತು ವರ್ಷ ಮಗ್ಗದ ಮುಂದೆ ಕುಳಿತು, ಅವರಿಗೆ ಕಿವಿ ಮಂದ ಎಂದು ಮನೆಯವರೆಲ್ಲ ನಂಬಿದ್ದಾರೆ. ಬೇಡದ ಮಾತಿಗೆ ಮಾತ್ರ ಮಂದ ಎಂಬುದು ನನ್ನ ಅನುಮಾನ. ಮದುವೆಯ ಗದ್ದಲದ ನಡುವೆಯೂ ನನ್ನ ಪುರಾಣ ಕೇಳಿ, “ಬಾಯಿಲೆ ಹೇಳಬ್ಯಾಡ್ರಿ ಅಳಿಯಂದ್ರ, ನಡೀರಿ” ಎಂದು ತಾವೇ ಬಂದು ಪಕ್ಕದಲ್ಲಿ ಕುಳಿತರು. ಊರ ಹೊರಗಿನ ಏರನ್ನು ಎರಡು ಸಲ ಹತ್ತಿಸಿದರು, ಎರಡು ಸಲ ಇಳಿಸಿದರು, ಒಮ್ಮೆ ನಿಲ್ಲಿಸಿದರು. ಆಮೇಲೆ ಕಿಸೆಯಿಂದ ತಗಡಿನ ಅಡಿಕೆ ಡಬ್ಬಿ ತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ನಾಲ್ಕೈದು ಹೋಳು.

“ಇದ ಸಪ್ಪಳ ಹೌದಲ್ರಿ?”

ಅದೇ! ಖಟ್ಟೂ ಅಲ್ಲ, ಟಕ್ಕೂ ಅಲ್ಲ. ಕಿಣಿಕಿಣಿ, ಕಟಿಕಟಿ, ಎರಡರ ನಡುವಿನ ಯಾವುದೋ ಒಂದು. ನನ್ನ ವ್ಯಾಕರಣದಲ್ಲಿ ಅದಕ್ಕೆ ಅಕ್ಷರವೇ ಇರಲಿಲ್ಲ.

“ಏನೂ ಮುರದಿಲ್ಲ ಬಿಡ್ರಿ. ಮುರದಿದ್ರ ನಿಂತಾಗೂ ಬಡೀತಿತ್ತು. ಭಾರ ಬಿದ್ದಾಗ ಅಷ್ಟ ಬಡೀತೈತಿ ಅಂದ್ರ ಹೊತ್ತು ತಪ್ಪೇತಿ. ಮಗ್ಗದಾಗ ಎಳಿ ಬಾಯಿ ಬಿಟ್ಟ ಮ್ಯಾಲ ಲಾಳಿ ಹೋಗಬೇಕು. ಮೊದಲ ಹೊಂಟ್ರ ಎಳಿಗೆ ಬಡೀತೈತಿ. ನಿಮ್ಮ ಗಾಡ್ಯಾಗ ಲಾಳಿ ಮೊದಲ ಹೊಂಟೈತಿ.”

ಕಾಕಾ ಜನ್ಮದಲ್ಲಿ ಕಾರು ಓಡಿಸಿದವರಲ್ಲ.

ಮರುದಿನ ಬೆಳಿಗ್ಗೆ ಅಲ್ಲಿಯ ಮೆಕ್ಯಾನಿಕ್ಕನ ಹತ್ತಿರ ಹೋದೆ. ಈ ಸಲ ಬಾಯಿ ತೆರೆಯಲಿಲ್ಲ. ಕಾಕಾ ಕೊಟ್ಟ ಡಬ್ಬಿಯನ್ನು ಅಲ್ಲಾಡಿಸಿ ತೋರಿಸಿದೆ. ಅವನು ನಕ್ಕು, ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಿದ. “ಪಿಕಪ್ ಬರ್ಲಿ ಅಂತ ಯಾರೋ ಟೈಮಿಂಗ್ ಮುಂದ ಮಾಡ್ಯಾರ್ರಿ ಸರ” ಎಂದ. ಪಿಸ್ಟನ್ ಮೇಲಕ್ಕೆ ಮುಟ್ಟಲು ಸ್ವಲ್ಪ ಮುಂಚೆ ಕಿಡಿ ಹಾರಬೇಕು, ಅದು ಸರಿ. ತೀರ ಮುಂಚೆ ಹಾರಿದರೆ, ಪಂಚಮಿಯ ಜೋಕಾಲಿ ನಮ್ಮ ಕಡೆ ಬರುತ್ತಿರುವಾಗಲೇ ಎದುರು ತಳ್ಳಿದ ಹಾಗೆ. ಒತ್ತಡ ಮಿತಿ ಮೀರಿ, ಉರಿಯದೆ ಉಳಿದ ಪೆಟ್ರೋಲ್ ಹೊಗೆ ತಾನಾಗಿಯೇ ಸಿಡಿಯುತ್ತದೆ. ಆ ಸಿಡಿತವೇ ಸಪ್ಪಳ. ಒಳಗೆ ಕಾರ್ಬನ್ ಕಟ್ಟಿದ್ದರೆ ಇನ್ನೂ ಹೆಚ್ಚು. ಹಾಗೇ ಬಿಟ್ಟು ಓಡಿಸಿದರೆ ಒಂದು ದಿನ ಪಿಸ್ಟನ್ನಿನ ನೆತ್ತಿಗೇ ತೂತು ಬಿದ್ದೀತು.

ಟೈಮಿಂಗ್ ಮುಂದೆ ಮಾಡಿದವರು ಯಾರು, ಯಾವ ಊರಿನವರು ಎಂದು ಬರೆಯುವುದಿಲ್ಲ. ನಾಲ್ಕೂ ತಾಲೂಕಿನಲ್ಲಿ ನಮಗೆ ಬೀಗರಿದ್ದಾರೆ.

100 ರೂಪಾಯಿ ಕೊಟ್ಟು ಬಂದೆ. ತಿರುಗಿ ಬರುವಾಗ ಎಲ್ಲಮ್ಮನ ಗುಡ್ಡವನ್ನು ಇನ್ನೊಮ್ಮೆ ಹತ್ತಿಸಿದೆ, ಪರೀಕ್ಷೆಗೆಂದು. ಸಪ್ಪಳವಿಲ್ಲ. ಅತ್ತೆಯವರು ಹರಕೆ ತೀರಿಸಲೆಂದು ಅಂದುಕೊಂಡು ನನ್ನನ್ನು ಮೊದಲ ಸಲ ಮೆಚ್ಚಿಕೊಂಡರು. ನಾನು ತಿದ್ದಲಿಲ್ಲ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಗಾಡಿ ಬಡಿಯತೊಡಗಿದರೆ ಮೆಕ್ಯಾನಿಕ್ಕನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದು ಏರು ಹತ್ತಿಸಿ. ಬಾಯಲ್ಲೇ ಹೇಳಬೇಕಾಗಿ ಬಂದರೆ, ದಯವಿಟ್ಟು ಅಲ್ಪಪ್ರಾಣದಲ್ಲಿ ಹೇಳಿ.