ಚೀಲ ದುರಸ್ತಿ

ಕೋಪವನ್ನು ಬಚ್ಚಿಟ್ಟುಕೊಂಡು ನಗೆಮೊಗವನ್ನು ತೋರುವವರು ಲೋಕದಲ್ಲಿ ಎಲ್ಲೆಡೆಯೂ ದೊರೆಯುತ್ತಾರೆ. ಆದರೆ ಕರುಣೆಯನ್ನು ಕದ್ದ ಒಡವೆಯಂತೆ ಬಚ್ಚಿಟ್ಟುಕೊಂಡು, ಅದೆಲ್ಲಿ ಹೊರಬಿದ್ದು ತಮ್ಮ ಮರ್ಯಾದೆಗೆ ಕುಂದು ತಂದೀತೋ ಎಂದು ಹಗಲಿರುಳು ಗದರಿಕೆಯ ಕಾವಲನ್ನಿಟ್ಟುಕೊಂಡಿರುವ ಮಹನೀಯರನ್ನು ನೋಡಬೇಕೆಂದರೆ ನಮ್ಮ ಸೀಮೆಯ ದಲಾಲಿ ಅಂಗಡಿಗಳಿಗೇ ಬರಬೇಕು. ಅಂಥವರೊಬ್ಬರು ನನಗೆ ನೆರೆಯವರು. ವಾಸ ಹಾವೇರಿಯಲ್ಲಿ, ವ್ಯಾಪಾರ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ. ಊರೆಲ್ಲ ಅವರನ್ನು ಸಾವಕಾರರೆಂದೇ ಕರೆಯುವುದರಿಂದ ನಾನೂ ಹಾಗೆಯೇ ಕರೆಯುವೆನು.

2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಲಕ್ಷಣವನ್ನು ಬಲ್ಲವರಿಗೆ ಸಾವಕಾರರನ್ನು ಬೇರೆಯಾಗಿ ವರ್ಣಿಸಬೇಕಾದುದಿಲ್ಲ. ಮೈಯೆಲ್ಲ ಸುಕ್ಕು, ಬಣ್ಣ ಕಡುಗೆಂಪು, ಖಾರ ಮಾತ್ರ ಅತ್ಯಲ್ಪ. ನಲವತ್ತು ವರ್ಷಕಾಲ ಅದೇ ಸರಕಿನ ನಡುವೆ ಕುಳಿತುದರಿಂದಲೋ ಏನೋ, ಆ ಮೂರು ಗುಣಗಳೂ ಅವರಿಗೆ ಅಂಟಿಕೊಂಡಿವೆ. ಸೋಮವಾರ, ಗುರುವಾರಗಳ ಪೇಟೆಯ ದಿನ ಅವರ ಮುಖ ಕೆಂಪೇರಿದುದನ್ನು ಕಂಡು ಹೊಸಬರು ನಡುಗುವರು. ಹಳೆಯ ಹಮಾಲರು ಮಾತ್ರ ಒಬ್ಬರನ್ನೊಬ್ಬರು ನೋಡಿ ಮುಸಿನಗುವರು.

ಅಂಗಡಿಯಲ್ಲೊಂದು ಬೆಕ್ಕು. ಅದು ಯಾರದೆಂದು ಕೇಳಿದವರಿಗೆಲ್ಲ ಸಾವಕಾರರದು ಒಂದೇ ಉತ್ತರ: “ನಮ್ಮದಲ್ರೀ. ತಾನ ಬರತೈತಿ, ತಾನ ಕುಂದ್ರತೈತಿ.” ತಾನಾಗಿ ಬಂದ ಈ ಅತಿಥಿ ಸಾವಕಾರರ ಗಾದಿಯ ಮೇಲೆಯೇ ಏಕೆ ಕುಳಿತುಕೊಳ್ಳಬೇಕು, ಅದು ಮಲಗಿದ್ದಾಗ ಅಷ್ಟು ದೊಡ್ಡ ಮನುಷ್ಯರು ಗಾದಿಯ ಅಂಚಿಗೆ ಸರಿದು ಏಕೆ ಲೆಕ್ಕ ಬರೆಯಬೇಕು, ಎಂಬ ಪ್ರಶ್ನೆಗಳನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬೆಕ್ಕಿಗೆ ಹೆಸರಿಟ್ಟಿರಲಿಲ್ಲ, ಹೆಸರಿಟ್ಟರೆ ಸಾಕಿದಂತಾಗುತ್ತದೆ. “ಏ ಕಳ್ಳಿ” ಎಂಬ ಬೈಗುಳವೊಂದೇ ಅದಕ್ಕೆ ಗೊತ್ತಿದ್ದುದು, ಅದನ್ನು ಕೇಳಿದೊಡನೆ ಬಾಲವನ್ನೆತ್ತಿಕೊಂಡು ಓಡಿಬರುವುದೂ ಅದಕ್ಕೆ ರೂಢಿಯಾಗಿದ್ದಿತು.

ಮಾಘಮಾಸದ ಭರದ ಪೇಟೆಯಲ್ಲಿ, ಚೀಲ ಹೊಲಿಯುವವರು ಮರೆತಿಟ್ಟ ದಬ್ಬಣವೊಂದು ಈ ಪ್ರಾಣಿಯ ಬಲಮುಂಗಾಲಿನ ಬೆರಳುಗಳ ನಡುವೆ ನಾಟಿತು. ಗಾಯ ಹೊರಗೆ ಎಳ್ಳಿನಷ್ಟು. ಆದರೆ ಬೆಕ್ಕಿನ ಚರ್ಮ ಮೇಲೆ ಬೇಗನೆ ಕೂಡಿಕೊಂಡು ಒಳಗೆ ಕೀವನ್ನು ಕಟ್ಟುವ ಸ್ವಭಾವದ್ದಾದುದರಿಂದ ಮೂರನೆಯ ದಿನಕ್ಕೆ ಪಾದ ಬಾತು, ಬೆಕ್ಕು ಮೂರೇ ಕಾಲಿನ ಮೇಲೆ ಕುಂಟತೊಡಗಿತು. ಕೂಡಲೇ ಅಂಗಡಿಯಲ್ಲಿ ವೈದ್ಯಸಭೆ ನೆರೆಯಿತು. ಹಮಾಲರ ಹಿರಿಯನು ಸುಣ್ಣ ಅರಿಶಿನವನ್ನು ಸೂಚಿಸಿದನು. ನೆರೆಯಂಗಡಿಯವರು ಫಿನೈಲಿನಿಂದ ತೊಳೆಯಬೇಕೆಂದರು. ಅಂಗಡಿಯ ಕಿರ್ದಿ ಬರೆಯುವ ದಿವಾನಜಿಯವರು ತಮ್ಮ ಅಂಗಿಯ ಕಿಸೆಯಲ್ಲಿ ಸದಾ ಸಿದ್ಧವಾಗಿರುವ ಜ್ವರದ ಗುಳಿಗೆಯಲ್ಲಿ ಅರ್ಧವನ್ನು ಮುರಿದೂ ಇಟ್ಟರು. ಸಾವಕಾರರು ಎಲ್ಲವನ್ನೂ ಕೇಳಿ, “ಸತ್ತರ ಸಾಯವಲ್ದ್ಯಾಕ, ನಿಮ್ಮ ಕೆಲಸಾ ನೋಡ್ರಿ” ಎಂದು ಗರ್ಜಿಸಿದರು. ಮರುದಿನ ಮುಂಜಾನೆ ಅವರು ಅಂಗಡಿಯಲ್ಲಿರಲಿಲ್ಲ.

ಬ್ಯಾಡಗಿಯಲ್ಲಿಯೋ ಹಾವೇರಿಯಲ್ಲಿಯೋ ದನದ ದವಾಖಾನೆಯ ಮೆಟ್ಟಿಲನ್ನು ಹತ್ತಿದರೆ ಗುರುತಿನವರ ಕಣ್ಣಿಗೆ ಬೀಳುವುದು ನಿಶ್ಚಯವಾದುದರಿಂದ, ಮುಚ್ಚಳದ ಬಿದಿರುಬುಟ್ಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅವರು ರಾಣೆಬೆನ್ನೂರಿನ ಪ್ಯಾಸೆಂಜರ್ ಗಾಡಿಯನ್ನೇರಿದ್ದರು. ದೈವದ ವಿನೋದವೆಂದರೆ ಅದೇ ಡಬ್ಬಿಯಲ್ಲಿ ನಾನೂ ಇದ್ದೆನು. ಬುಟ್ಟಿಯಲ್ಲೇನೆಂದು ಕೇಳಿದುದಕ್ಕೆ, “ನಮೂನಿ ಅದ. ಕಡ್ಡಿಕಾಯಿ ನಮೂನಿ” ಎಂದು ಕಿಟಕಿಯ ಕಡೆಗೆ ತಿರುಗಿದರು. ದೇವರಗುಡ್ಡದ ನಿಲ್ದಾಣ ದಾಟುವಷ್ಟರಲ್ಲಿ ನಮೂನೆಯು ದೀರ್ಘಸ್ವರದಲ್ಲಿ ಒಮ್ಮೆ ಕೂಗಿತು. ಎದುರಿಗೆ ಕುಳಿತಿದ್ದ ರೈತನೊಬ್ಬನು ಅತ್ಯಂತ ವಿನಯದಿಂದ, “ಸಾವಕಾರ್ರ, ನಿಮ್ಮ ನಮೂನಿ ಒದರಾಕತ್ತೈತಲ್ರಿ” ಎಂದನು. ಸಾವಕಾರರ ಮುಖ ಕಡುಗೆಂಪಿನ ಡಬ್ಬಿ ಮೆಣಸಿನಕಾಯಿಯ ಬಣ್ಣಕ್ಕೇರಿತು.

ಕೃಷ್ಣಮೃಗಗಳಿಗಾಗಿ 1974ರಷ್ಟು ಹಿಂದೆಯೇ ಅಭಯಾರಣ್ಯವನ್ನು ಬಿಟ್ಟುಕೊಟ್ಟ ರಾಣೆಬೆನ್ನೂರು ಒಂದು ಬೆಕ್ಕಿಗೆ ಅರ್ಧಗಂಟೆಯ ಅಭಯವನ್ನು ಕೊಡಲಾರದೆ? ಅಲ್ಲಿಯ ದನದ ದವಾಖಾನೆಯಲ್ಲಿ ಎತ್ತು ಎಮ್ಮೆಗಳ ಸಾಲಿನ ಕೊನೆಯಲ್ಲಿ ಬುಟ್ಟಿಯೊಡನೆ ನಿಂತ ಸಾವಕಾರರ ಸರದಿ ಬಂದಿತು. ಕಾರಕೂನನು ದಫ್ತರವನ್ನು ತೆರೆದು ಮಾಲಕರ ಹೆಸರೇನೆಂದನು. “ಮಾಲಕರಿಲ್ಲ.” ಮಾಲಕರಿಲ್ಲದ ಪ್ರಾಣಿಯನ್ನು ತಂದವರಾರು? “ನಾನ ತಂದೀನಿ, ಆದ್ರ ನಂದಲ್ಲ.” ಹಿಂದೆ ಎಮ್ಮೆ ಹಿಡಿದವರು ಗೊಣಗತೊಡಗಿದರು. ಕೊಡುಕೊಳ್ಳುವ ವ್ಯವಹಾರದಲ್ಲಿ ಇಡೀ ಪೇಟೆಯನ್ನೇ ಸೋಲಿಸಬಲ್ಲ ಆ ಪುರುಷರು ಒಂದು ಕಾಲಮಿನ ಮುಂದೆ ಬೆವರಿ, ಕಡೆಗೆ “ಅಂಗಡಿ ಬೆಕ್ಕು ಅಂತ ಬರೀರಿ” ಎಂದು ರಾಜಿ ಮಾಡಿಕೊಂಡರು.

ವೈದ್ಯರು ಕೀವನ್ನು ತೆಗೆದು, ಸೂಜಿ ಚುಚ್ಚಿ, ಪಟ್ಟಿ ಕಟ್ಟುತ್ತ ಹೇಳಿದ ಮಾತುಗಳನ್ನು ಸಾವಕಾರರು ಧಾರಣೆಯ ಪಟ್ಟಿಯನ್ನು ಕೇಳುವ ಏಕಾಗ್ರತೆಯಿಂದ ಕೇಳಿದರು. ಮನುಷ್ಯರ ಜ್ವರವನ್ನಿಳಿಸುವ ಪ್ಯಾರಾಸಿಟಮಾಲನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲವೆಂದೂ, ಒಂದು ಗುಳಿಗೆಯೇ ಅದರ ಪ್ರಾಣಕ್ಕೆ ಮುಳುವಾಗಬಲ್ಲುದೆಂದೂ, ಫಿನೈಲೂ ಅದೇ ಜಾತಿಯದೆಂದೂ, ಕಾಲಿಗೆ ಹಚ್ಚಿದುದನ್ನು ಬೆಕ್ಕು ನೆಕ್ಕಿ ಹೊಟ್ಟೆಗಿಳಿಸದೆ ಬಿಡದೆಂದೂ ತಿಳಿದಾಗ, ದಿವಾನಜಿಯವರ ಅರ್ಧ ಗುಳಿಗೆಯನ್ನು ನೆನೆದು ಅವರು ಹಣೆಯನ್ನೊರೆಸಿಕೊಂಡರು. ಬೆಕ್ಕಿಗೆ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕುನಾಲ್ಕು, ಒಟ್ಟು 18 ಬೆರಳುಗಳೆಂದೂ, ಅದು ಹಿಮ್ಮಡಿಯನ್ನೂರದೆ ಬೆರಳುಗಳ ಮೇಲೆಯೇ ನಡೆಯುವ ಪ್ರಾಣಿಯೆಂದೂ ವೈದ್ಯರು ವಿವರಿಸಲು, ಸಾವಕಾರರು ಮನಸ್ಸಿನಲ್ಲಿಯೇ ಕೂಡಿ ಕಳೆದು, “ಹಂಗಾರ ಹದಿನೇಳು ಶಿಲ್ಕು ಅದಾವಲ್ಲ” ಎಂದು ಸಮಾಧಾನಪಟ್ಟರು.

ಮೆಣಸಿನ ಧೂಳಿನಲ್ಲಿ ಗಾಯ ಮಾಯದೆಂದು ವೈದ್ಯರು ಎಚ್ಚರಿಸಿದುದರಿಂದ ಬೆಕ್ಕು ಹಾವೇರಿಯ ಮನೆಗೆ ಬಂದಿತು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪನ್ನು ಬೆರೆಸಿ ಗಾಯ ತೊಳೆಯಬೇಕಾಗಿದ್ದಿತು. ಕ್ವಿಂಟಲುಗಳ ಲೆಕ್ಕದಲ್ಲಿ ತೂಗಿಸಿ ರೂಢಿಯಾದ ಸಾವಕಾರರು ಒಂಬತ್ತು ಗ್ರಾಮಿಗಾಗಿ ಅಕ್ಕಸಾಲಿಗರ ತಕ್ಕಡಿಯನ್ನು ಎರವಲು ತಂದರು. ಪಟ್ಟಿಯನ್ನು ಕಚ್ಚಿ ಕೀಳದಂತೆ ಬೆಕ್ಕಿನ ಕೊರಳಿಗೆ ರಟ್ಟಿನ ಬಳೆಯೊಂದು ಬೇಕಾಯಿತು. ಹಾವೇರಿಯಲ್ಲಿ ಏಲಕ್ಕಿಮಾಲೆಯಿಲ್ಲದೆ ಸನ್ಮಾನವಿಲ್ಲವಷ್ಟೆ. ಯಾವುದೋ ಸಮಾರಂಭದಲ್ಲಿ ಸಾವಕಾರರಿಗೆ ಸಂದ ಮಾಲೆಯ ಪೆಟ್ಟಿಗೆಯನ್ನೇ ಕತ್ತರಿಸಿ ಅದನ್ನು ಮಾಡಿದರು. ಏಲಕ್ಕಿಯ ಕಂಪನ್ನು ಬೀರುತ್ತ, ಅಧ್ಯಕ್ಷಪೀಠದಲ್ಲಿರುವವರ ಗಾಂಭೀರ್ಯದಿಂದ ಬೆಕ್ಕು ಪಡಸಾಲೆಯಲ್ಲಿ ಕುಳಿತಿತು. ಹಾಲೊಂದರಿಂದಲೇ ಬೆಕ್ಕಿನ ಮೈ ತುಂಬದೆಂದು ವೈದ್ಯರು ಹೇಳಿದ್ದುದರಿಂದ, ಈರುಳ್ಳಿಯನ್ನು ಸಹ ಸೋಮವಾರ ಮುಟ್ಟದ ಆ ಮನೆಯ ಹಿತ್ತಲಿಗೆ ಹಮಾಲನೊಬ್ಬನು ದಿನಾಲು ಕತ್ತಲಾದ ಮೇಲೆ ಬೇಯಿಸಿದ ತತ್ತಿಯೊಂದನ್ನು ತಂದಿಟ್ಟು ಹೋಗುವನು; ಸಾವಕಾರರು ಆ ಹೊತ್ತಿಗೆ ಸರಿಯಾಗಿ ಆಕಾಶವನ್ನು ನೋಡುತ್ತಿರುವರು. ಯಜಮಾನಿತಿಯವರು ಇದೆಲ್ಲವನ್ನೂ ಬಲ್ಲರು. ಆದರೆ ಪತಿಯ ಗುಟ್ಟನ್ನು ಕಾಯ್ದಷ್ಟೇ ಭದ್ರವಾಗಿ ಹಿತ್ತಲ ಬಾಗಿಲನ್ನೂ ಕಾಯ್ದರು.

ಇಷ್ಟೆಲ್ಲ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವುದು ಅವರ ಧರ್ಮವಲ್ಲ. ಬೆಕ್ಕಿನದೆಂದು ಬರೆಯಿಸುವುದು ಅವರ ಮರ್ಯಾದೆಯಲ್ಲ. ಆದುದರಿಂದ ರೈಲಿನ ತಿಕೀಟು, ಔಷಧ, ಪಟ್ಟಿ, ತತ್ತಿ, ಎಲ್ಲವೂ ಕಿರ್ದಿಯಲ್ಲಿ “ಚೀಲ ದುರಸ್ತಿ” ಎಂಬ ಒಂದೇ ಬಾಬಿನಲ್ಲಿ ಅಡಗಿದವು. ಕಾಲು ಮಾದ ಮೇಲೆ ಬೆಕ್ಕು ಅಂಗಡಿಗೆ ಮರಳಿತಾದರೂ ತತ್ತಿಯ ರುಚಿಯನ್ನು ಕಂಡ ಅದಕ್ಕೆ ಇಲಿಗಳ ಮೇಲಣ ಆಸಕ್ತಿ ಉಳಿದಿರಲಿಲ್ಲ. ಇಲಿಗಳಾದರೋ ಈ ವೈರಾಗ್ಯವನ್ನು ಬೇಗನೆ ಅರಿತುಕೊಂಡವು.

ದೀಪಾವಳಿಯ ಪಾಡ್ಯಕ್ಕೆ ಹೊಸ ಕಿರ್ದಿಯ ಪೂಜೆ ಮುಗಿದಿದ್ದಿತು. ಬೆಕ್ಕು ಗಾದಿಯ ನಡುವೆ, ಸಾವಕಾರರು ಗಾದಿಯ ಅಂಚಿನಲ್ಲಿ. ದಿವಾನಜಿಯವರು ಲೇಖನಿಯನ್ನು ಹಿಡಿದು ತುಸು ಹೊತ್ತು ಸುಮ್ಮನಿದ್ದು, “ಸಾವಕಾರ್ರ, ಗೋದಾಮಿನ್ಯಾಗ ಇಲಿ ಕಡದು ಖರೇನ ಚೀಲ ಹರದಾವ್ರಿ. ಹೊಲಿಸಿದ್ದಕ್ಕ ರೊಕ್ಕ ಕೊಟ್ಟೇವಿ. ಇದನ್ನ ಯಾವ ಖಾತೇಕ ಬರೀಲಿ?” ಎಂದರು.

ಸಾವಕಾರರು ಬೆಕ್ಕನ್ನು ನೋಡಿದರು. ಬೆಕ್ಕು ಕಣ್ಣು ತೆರೆಯಲಿಲ್ಲ.

“ಬೆಕ್ಕಿನ ಖಾತೇಕ ಬರೀರಿ” ಎಂದರು.

“ಬೆಕ್ಕಿನ ಖಾತಿ ಎಲ್ಲೈತ್ರಿ ನಮ್ಮಲ್ಲಿ?”

“ಹೊಸಾದು ತಗೀರಿ.”