ಎಕ್ಸ್‌ಟರ್ನಲ್ ಬಂದರು, ತೊಂಬತ್ತೈದು ಕೊಟ್ಟರು

ಪದವಿ ಕಾಲೇಜಿನಲ್ಲಿ ಪ್ರಾಜೆಕ್ಟ್ ವೈವಾ ಇರುವ ದಿನ ವಿಭಾಗದ ಮುಖ್ಯಸ್ಥರಿಂದ ಹಿಡಿದು ಲ್ಯಾಬ್ ಅಟೆಂಡರ್ ತನಕ ಎಲ್ಲರದೂ ಒಂದೇ ಪ್ರಶ್ನೆ: ‘ಎಕ್ಸ್‌ಟರ್ನಲ್ ಬಂದ್ರಾ?’ ಹೊರಗಿನ ಪರೀಕ್ಷಕರಾದ ಅವರು ಬರುತ್ತಾರೆ, ಸ್ವಲ್ಪ ತಡವಾಗಿ, ಪಕ್ಕದ ಜಿಲ್ಲೆಯ ಬಸ್ಸಿನ ದೂಳಿನೊಂದಿಗೆ. ಬಂದವರಿಗೆ ಮೊದಲು ಖಾರಾಬಾತ್, ಕೇಸರಿಬಾತ್, ಕಾಫಿ. ಆಮೇಲೆ ಎರಡೂ ಊರಿನ ವರ್ಗಾವಣೆ, ಬಡ್ತಿ, ಅರಿಯರ್ಸ್ ಕುರಿತ ವಿಚಾರ ಸಂಕಿರಣ. ಅಷ್ಟು ಹೊತ್ತಿಗೆ ಕಾರಿಡಾರಿನಲ್ಲಿ ಮೂವತ್ತು ವಿದ್ಯಾರ್ಥಿಗಳು ಮೂವತ್ತು ಪುಸ್ತಕ ಎದೆಗವಚಿಕೊಂಡು ಬೆವರುತ್ತಿರುತ್ತಾರೆ. ನಾಲ್ಕೂವರೆಯ ಬಸ್ಸಿಗೆ ಎಕ್ಸ್‌ಟರ್ನಲ್ ಹೊರಡಬೇಕು. ಲೆಕ್ಕ ಹಾಕಿದರೆ ತಲೆಗೆ ಹತ್ತು ನಿಮಿಷ. ಊಟ ಕಳೆದರೆ ಎಂಟು. ಒಬ್ಬೊಬ್ಬರೂ ತಿಂಗಳುಗಟ್ಟಲೆ ಒಂಟಿಯಾಗಿ ಮಾಡಿದ ಕೆಲಸದ ನ್ಯಾಯ ತೀರ್ಮಾನ ಆಗಬೇಕಾದದ್ದು ಈ ಎಂಟು ನಿಮಿಷದಲ್ಲಿ.

ತೀರ್ಮಾನದ ವಿಧಾನ ಮಾತ್ರ ಶಾಸ್ತ್ರೋಕ್ತ. ಮೊದಲು ಪುಸ್ತಕವನ್ನು ಕೈಯಲ್ಲಿ ಹಿಡಿದು ತೂಕ ನೋಡುತ್ತಾರೆ. ರೆಕ್ಸಿನ್ ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರವಿದ್ದರೆ ಹುಬ್ಬು ಸಡಿಲವಾಗುತ್ತದೆ. ಸ್ಪೈರಲ್ ಬೈಂಡಿಂಗ್ ಆದರೆ ‘ಯಾಕಪ್ಪ, ಟೈಮ್ ಸಿಗಲಿಲ್ವ?’ ಅನ್ನುತ್ತಾರೆ. ನಂತರ ಸರ್ಟಿಫಿಕೇಟಿನಲ್ಲಿ ಗೈಡ್ ಸಹಿ ಇದೆಯೇ, ಕೃತಜ್ಞತೆಯಲ್ಲಿ ಪ್ರಿನ್ಸಿಪಾಲರ ಹೆಸರಿನ ಹಿಂದೆ ‘ಡಾ.’ ಇದೆಯೇ, ಎಡಗಡೆ ಮಾರ್ಜಿನ್ ಸರಿಯಿದೆಯೇ ಎಂಬ ಕೂಲಂಕಷ ಪರಿಶೀಲನೆ. ಬಳಿಕ ಪ್ರಶ್ನೆಗಳು: ‘ಇದರಲ್ಲಿ ಹೊಸದೇನಮ್ಮ?’, ‘ಸಮಾಜಕ್ಕೆ ಏನು ಉಪಯೋಗ?’, ‘ಫ್ಯೂಚರ್ ಸ್ಕೋಪ್?’ ಜೇಡದ ಬಲೆಯ ಮೇಲೆ ಕೆಲಸ ಮಾಡಿದವಳಿಗೂ ಸಾಬೂನಿನ ಪಿಎಚ್ ಅಳೆದವನಿಗೂ ಇವೇ ಮೂರು. ಹುಡುಗಿ ಉತ್ತರಕ್ಕೆ ತಡವರಿಸಿದರೆ, ಎಕ್ಸ್‌ಟರ್ನಲ್ ತಮ್ಮ ಪಿಎಚ್‌ಡಿಯ ವಿಷಯಕ್ಕೆ ಹೊರಳಿ ಉಳಿದ ಐದು ನಿಮಿಷವನ್ನು ತಾವೇ ತುಂಬಿಕೊಡುತ್ತಾರೆ. ಒಂದು ಅಗುಳು ಹಿಚುಕಿದರೆ ಅನ್ನ ಬೆಂದದ್ದು ತಿಳಿಯುತ್ತದೆ ಎಂಬುದು ಅವರ ಸಮರ್ಥನೆ. ತೊಂದರೆ ಏನೆಂದರೆ, ಅವರು ಹಿಚುಕುವುದು ಅಗುಳನ್ನಲ್ಲ, ಪಾತ್ರೆಯ ಮುಚ್ಚಳವನ್ನು. ಕೊನೆಗೆ ಕಾಲೇಜಿನದೇ ಪರೀಕ್ಷಕರಾದ ಇಂಟರ್ನಲ್ ಕಡೆ ವಾಲಿ, ಮೆಲುದನಿಯಲ್ಲಿ, ‘ಹುಡುಗಿ ಹೇಗೆ?’ ‘ಪರವಾಗಿಲ್ಲ ಸರ್, ರೆಗ್ಯುಲರ್.’ ಪೆನ್ಸಿಲಿನಲ್ಲಿ ತೊಂಬತ್ತೈದು ಬೀಳುತ್ತದೆ.

ಇಷ್ಟಕ್ಕೇ ಅವರನ್ನು ಕೆಟ್ಟವರೆಂದು ತಿಳಿಯಬಾರದು. ಅವರ ಕೈಯಲ್ಲಿ ಯಾರೂ ಫೇಲಾಗಿಲ್ಲ. ‘ಮಕ್ಕಳ ಭವಿಷ್ಯ, ನಾವ್ಯಾಕೆ ಹಾಳು ಮಾಡೋಣ’ ಎನ್ನುವ ಕರುಣಾಳು. ನನ್ನ ತಕರಾರು ಇರುವುದು ಈ ಕರುಣೆಯ ಮೇಲೆಯೇ. ಇಬ್ಬರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳಿ. ಇಬ್ಬರೂ ಕೋಲಾರದ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಳೆದರು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ 1.5. ಹುಡುಗನ ಗ್ರಾಫಿನಲ್ಲಿ ಬಿಂದುಗಳೆಲ್ಲ ಪಥಸಂಚಲನದ ಶಿಸ್ತಿನಲ್ಲಿ ಒಂದೇ ಗೆರೆಯ ಮೇಲಿವೆ. ಹುಡುಗಿ ಒಂದೇ ಬಾವಿಯ ನೀರನ್ನು ಮೂರು ಸಲ ಅಳೆದಳು, ಮೂರು ಉತ್ತರ ಬಂತು. ಗೊತ್ತಿರುವ ದ್ರಾವಣ ಇಟ್ಟು ನೋಡಿ, ಕಾಲೇಜಿನ ಉಪಕರಣವೇ ಜಾರುತ್ತಿದೆಯೆಂದು ಪತ್ತೆ ಮಾಡಿ, ‘ಈ ಅಂಕಿಗಳಿಂದ ಬಾವಿಯ ಬಗ್ಗೆ ಏನೂ ಹೇಳಲಾಗದು’ ಎಂದು ಬರೆದಳು. ಸಂಶೋಧನೆ ಎಂಬುದನ್ನು ನಿಜವಾಗಿ ಮಾಡಿದವಳು ಅವಳೇ. ಎಕ್ಸ್‌ಟರ್ನಲ್ ಮಾತ್ರ ‘ರಿಸಲ್ಟ್ ಬಂದಿಲ್ವಲ್ಲಮ್ಮ’ ಎಂದು ಮರುಗಿ 93 ಕೊಡುತ್ತಾರೆ, ಹುಡುಗನಿಗೆ 97. ಎಲ್ಲರೂ 92ರಿಂದ 97ರ ಒಳಗೇ ಇರುವಾಗ ನಾಲ್ಕು ಅಂಕ ಎಂದರೆ ರ‍್ಯಾಂಕಿಗೂ ಸೊನ್ನೆಗೂ ಇರುವ ದೂರ. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲೆ, ಬೆಳಕಿನ ಮಾಧ್ಯಮವೆಂದು ಆಗ ನಂಬಿದ್ದ ಈಥರಿನ ಗಾಳಿ ಹುಡುಕಿ ಬರಿಗೈಯಲ್ಲಿ ಬಂದರು. ಇಪ್ಪತ್ತು ವರ್ಷದ ಮೇಲೆ ಮೈಕೆಲ್ಸನ್‌ಗೆ ನೊಬೆಲ್ ಬಂದದ್ದು ಅವರ ನಿಖರ ಅಳತೆಯ ಉಪಕರಣಗಳಿಗೆ, ಅವುಗಳಿಂದ ಮಾಡಿದ ಶೋಧನೆಗೆ. ನಮ್ಮ ಎಕ್ಸ್‌ಟರ್ನಲ್ ಅಲ್ಲಿದ್ದಿದ್ದರೆ ಇಬ್ಬರಿಗೂ ‘ಔಟ್‌ಪುಟ್ ತಗೊಂಡು ಬನ್ನಿ’ ಎಂದು ಹೇಳಿ ಕಳಿಸುತ್ತಿದ್ದರು.

ಅಂಕ ಕೊಡುವವರು ತಪ್ಪುವುದು ನಮ್ಮ ಊರಿನ ಕಾಯಿಲೆಯಲ್ಲ. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು 142 ಶಾಲೆಗಳ ಮೇಷ್ಟರುಗಳಿಂದ ತಿದ್ದಿಸಿದರು. ನೂರಕ್ಕೆ ಒಬ್ಬರು 64 ಕೊಟ್ಟರೆ ಇನ್ನೊಬ್ಬರು 98. ಭಾಷೆಯೇ ಹಾಗೆ ಎಂದು ಜನ ಆಡಿಕೊಂಡಾಗ, ಮರುವರ್ಷ ರೇಖಾಗಣಿತದ ಪತ್ರಿಕೆ ಕಳಿಸಿದರು. ಅಂತರ ಇನ್ನೂ ಹಿಗ್ಗಿತು. 1961ರಲ್ಲಿ ಡೀಡರಿಕ್ ಮತ್ತು ಸಂಗಡಿಗರು 300 ಪ್ರಬಂಧಗಳನ್ನು 53 ಓದುಗರಿಗೆ ಕೊಟ್ಟು ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಲು ಹೇಳಿದರು. 101 ಪ್ರಬಂಧಗಳಿಗೆ ಒಂಬತ್ತೂ ದರ್ಜೆಗಳು ಸಿಕ್ಕವು. ಇದರ ಪಕ್ಕದಲ್ಲಿ ನಮ್ಮ ವೈವಾ ಕೊಠಡಿಯನ್ನಿಟ್ಟು ನೋಡಿ: ಇಂಟರ್ನಲ್ ಮತ್ತು ಎಕ್ಸ್‌ಟರ್ನಲ್ ನಡುವೆ ಎರಡು ಅಂಕದ ವ್ಯತ್ಯಾಸವೂ ಇಲ್ಲ. ಕಾರಣ ಸರಳ. ಅಮೆರಿಕದವರು ಓದಿದರು, ಆದ್ದರಿಂದ ಜಗಳವಾಡಿದರು. ನಮ್ಮವರು ಓದುವುದಿಲ್ಲ, ಆದ್ದರಿಂದ ಒಮ್ಮತ. ಒಂದು ಗುಣ ಕಣ್ಣಿಗೆ ಹಿಡಿಸಿದರೆ ಉಳಿದ ಗುಣಗಳೂ ಅದರ ಬೆಳಕಿನಲ್ಲೇ ಕಾಣುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ 1920ರಲ್ಲಿ ಸೇನಾಧಿಕಾರಿಗಳ ಮೌಲ್ಯಮಾಪನದಲ್ಲಿ ಕಂಡುಕೊಂಡರು. ಇಲ್ಲಿ ಆ ಬೆಳಕು ರೆಕ್ಸಿನ್ ರಟ್ಟಿನ ಮೇಲಿನ ಚಿನ್ನದ ಅಕ್ಷರದಿಂದ ಬರುತ್ತದೆ, ಇಲ್ಲವೇ ‘ರೆಗ್ಯುಲರ್’ ಎಂಬ ಒಂದು ಪದದಿಂದ.

ಹಾಗಾದರೆ ಮಾಡುವುದೇನು? ಅಂಕವನ್ನು ಒಡೆಯಬೇಕು. ಪ್ರಶ್ನೆ ಹಾಕಿಕೊಂಡ ರೀತಿಗೆ ಇಷ್ಟು, ವಿಧಾನಕ್ಕೆ ಇಷ್ಟು, ತನ್ನ ಫಲಿತಾಂಶವನ್ನು ತಾನೇ ಅನುಮಾನಿಸಿದ್ದಕ್ಕೆ ಇಷ್ಟು, ಬರವಣಿಗೆಗೆ ಇಷ್ಟು. ಇಬ್ಬರು ಪರೀಕ್ಷಕರೂ ಪರಸ್ಪರ ಮಾತಾಡುವ ಮೊದಲೇ ತಮ್ಮ ತಮ್ಮ ಹಾಳೆಯಲ್ಲಿ ಬರೆಯಬೇಕು. ವಾರವಾರದ ದಾಖಲೆ ಪುಸ್ತಕವನ್ನು ವರದಿಯಷ್ಟೇ ಗಮನದಿಂದ ನೋಡಬೇಕು. ಕೆಟ್ಟುಹೋದ ಪ್ರಯೋಗಗಳು ಸಿಗುವುದು ಅಲ್ಲಿಯೇ. ಇದಕ್ಕೆ ಎಕ್ಸ್‌ಟರ್ನಲ್ ಬಳಿ ಉತ್ತರ ಸಿದ್ಧವಿದೆ: ‘ಮೂವತ್ತು ವರ್ಷದ ಅನುಭವ ಇದೆ, ಮುಖ ನೋಡಿದರೆ ಗೊತ್ತಾಗುತ್ತೆ. ಕೋಷ್ಟಕ ತುಂಬೋಕೆ ಗುಮಾಸ್ತ ಸಾಕು.’ ಈ ಮಾತಿನಲ್ಲಿ ಹುರುಳಿದೆ. ಕೋಷ್ಟಕಕ್ಕೆ ಕಣ್ಣಿಲ್ಲ; ಯಾರೂ ಕೇಳದ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಅದರಲ್ಲಿ ಕಲಮ್ಮು ಸಿಗದೇ ಹೋಗಬಹುದು. ಆದರೆ ಕೋಷ್ಟಕದ ಕೆಲಸ ಅನುಭವವನ್ನು ಓಡಿಸುವುದಲ್ಲ, ಅದು ಯಾವುದರ ಮೇಲೆ ನಿಂತಿದೆ ಎಂದು ಹೇಳಿಸುವುದು. ಮುಖ ನೋಡಿ ಗೊತ್ತಾಗುವುದು ಆತ್ಮವಿಶ್ವಾಸ. ಅದು ಇಂಗ್ಲಿಷ್ ಮಾಧ್ಯಮದಿಂದ ಬಂದವನ ಮುಖದಲ್ಲಿ ಎರಡು ಪಟ್ಟು ಹೊಳೆಯುತ್ತದೆ.

ಎರಡನೆಯ ಆಕ್ಷೇಪ, ಹೊರಗಿನವರೇ ಯಾಕೆ, ವರ್ಷವಿಡೀ ಜೊತೆಗಿದ್ದ ಗೈಡಿಗೆ ಎಲ್ಲ ಗೊತ್ತಲ್ಲ ಎಂಬುದು. ಗೊತ್ತು ನಿಜ, ಆದರೆ ಮೂರು ಅಧ್ಯಾಯಗಳನ್ನು ತಿದ್ದಿ ತಿದ್ದಿ ಅರ್ಧ ತಾವೇ ಬರೆದಿರುವುದರಿಂದ ಅವರು ಅಂಕ ಕೊಡುವುದು ಭಾಗಶಃ ತಮಗೇ. ಒಬ್ಬ ಗೈಡ್ ದಿನವೂ ಕೈಹಿಡಿದು ನಡೆಸಿದ್ದಾರೆ, ಇನ್ನೊಬ್ಬರು ಫೋನೇ ಎತ್ತಿಲ್ಲ. ಈ ಎರಡು ಪುಸ್ತಕಗಳನ್ನು ಒಂದೇ ತಕ್ಕಡಿಯಲ್ಲಿಟ್ಟರೆ ತೂಗಿದಂತಾಗುವುದು ಗೈಡುಗಳನ್ನು. ಹೊರಗಿನ ಕಣ್ಣು ಬೇಕಾದದ್ದು ಇದಕ್ಕೇ. ತೂಗಬೇಕಾದದ್ದೂ ಕಡಿಮೆಯಲ್ಲ: 2022ರ ಡಿಸೆಂಬರಿನಲ್ಲಿ ಯುಜಿಸಿ ಹೊರಡಿಸಿದ ಪದವಿ ಶಿಕ್ಷಣದ ಚೌಕಟ್ಟಿನಲ್ಲಿ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಪಡೆದವರಿಗೆ ನಾಲ್ಕನೆಯ ವರ್ಷದ ಸಂಶೋಧನೆಗೆ ದಾರಿಯಿದೆ. ಅದರ ಪ್ರಬಂಧಕ್ಕೆ 12 ಕ್ರೆಡಿಟ್. ಕರ್ನಾಟಕ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಪ್ರಾಜೆಕ್ಟುಗಳು ಮಾತ್ರ ಎಲ್ಲಿಗೂ ಹೋಗಿಲ್ಲ. ಈಚೆಗೆ ಎಕ್ಸ್‌ಟರ್ನಲ್ ಕೈಗೆ ಹೊಸ ಆಯುಧವೂ ಬಂದಿದೆ, ಕೃತಿಚೌರ್ಯ ತಪಾಸಣೆಯ ಹಾಳೆ. 2018ರ ಯುಜಿಸಿ ನಿಯಮದಂತೆ ಹೋಲಿಕೆ ಶೇ. 10ರೊಳಗಿದ್ದರೆ ದಂಡವಿಲ್ಲ. ‘ಎಂಟು ಪರ್ಸೆಂಟ್, ವೆರಿ ಗುಡ್’ ಎಂದು ಅವರು ತಲೆದೂಗುತ್ತಾರೆ. ಕದ್ದಿಲ್ಲ ಎಂಬುದು ಯೋಚಿಸಿದ್ದಾಳೆ ಎಂಬುದಕ್ಕೆ ಸಾಕ್ಷಿಯಾಗದು. ಚಾಟ್‌ಬಾಟ್ ಬರೆದುಕೊಟ್ಟ ಅಧ್ಯಾಯವೂ ಆ ಹಾಳೆಯನ್ನು ನಗುನಗುತ್ತ ದಾಟೀತು. ‘ಈ ದಾರಿ ಬಿಟ್ಟು ಆ ದಾರಿ ಯಾಕೆ ಹಿಡಿದೆಯಮ್ಮ?’ ಎಂಬ ಪ್ರಶ್ನೆಗೆ ಮಾತ್ರ ಕೆಲಸ ಮಾಡಿದವರ ಬಳಿಯೇ ಉತ್ತರವಿರುತ್ತದೆ.

ಮೂರನೆಯದು ಸಮಯದ ಮಾತು, ಇದು ಪೂರ್ತಿ ನ್ಯಾಯವಾದದ್ದು. ಮೂವತ್ತು ಪುಸ್ತಕವನ್ನು ಒಂದೇ ದಿನ ಮುಂದೆ ಒಡ್ಡಿ ‘ನ್ಯಾಯ ಮಾಡಿ’ ಎಂದರೆ ಧರ್ಮರಾಯನೂ ಬೈಂಡಿಂಗ್ ನೋಡಿಯೇ ತೀರ್ಪು ಕೊಟ್ಟಾನು. ವರದಿಗಳನ್ನು ಮುಂಚೆಯೇ ಕಳಿಸಲಿ, ದಿನಕ್ಕೆ ಹತ್ತು ವೈವಾ ಸಾಕೆನ್ನಲಿ. ಖರ್ಚು ಹೆಚ್ಚುತ್ತದೆ ಎನ್ನುವ ವಿಶ್ವವಿದ್ಯಾಲಯ ಎಕ್ಸ್‌ಟರ್ನಲ್ ಅವರ ಟಿಎ ಬಿಲ್ಲಿನ ಕಡೆ ಒಮ್ಮೆ ನೋಡಬೇಕು. ಎಷ್ಟು ಕಿಲೋಮೀಟರು, ಯಾವ ಬಸ್ಸು, ಟಿಕೆಟ್ ಎಲ್ಲಿ ಎಂದು ಒಂದೊಂದು ರೂಪಾಯಿಗೂ ಆಧಾರ ಕೇಳುವ ಕಚೇರಿ ಅದು. ಅದೇ ಕೈ ಬರೆದ ತೊಂಬತ್ತೈದಕ್ಕೆ ಒಂದು ಸಾಲಿನ ಕಾರಣವನ್ನೂ ಕೇಳುವುದಿಲ್ಲ. ಬಸ್ ಚಾರ್ಜಿಗಿರುವ ಶಿಸ್ತನ್ನು ಅಂಕಕ್ಕೂ ವಿಸ್ತರಿಸಿದರೆ ಸಾಕು. ಫ್ಲೋರೈಡ್ ಹುಡುಗಿಗೆ 97 ಬರುತ್ತದೆಯೋ 80 ಬರುತ್ತದೆಯೋ, ಎಷ್ಟು ಬಂತು, ಯಾಕೆ ಬಂತು ಎಂದು ಅವಳಿಗಾದರೂ ತಿಳಿಯುತ್ತದೆ.